ಎಂದೂ ತುಂಬದ ಡಿಸ್ಕು

ಪ್ರತಿ ಶುಕ್ರವಾರ ಊಟಕ್ಕೆ ಮುಂಚೆ ಡೇಟಾಬೇಸಿನ ಹಳೆಯ ಲಾಗ್ ಫೈಲುಗಳನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡುತ್ತಿದ್ದವಳು ನಾನು. ಡಿಸ್ಕು ಎಂದೂ ತುಂಬಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಳಿಸಿದ್ದನ್ನೆಲ್ಲ ದಾಖಲಿಸುವ ನನ್ನದೊಂದು ಲಾಗ್ ಮಾತ್ರ ಅದೇ ಡಿಸ್ಕಿನಲ್ಲಿ ಉಳಿಯುತ್ತಿತ್ತು.

ನಾನು ರಜೆಯಲ್ಲಿದ್ದಾಗ ಡಿಸ್ಕು ತುಂಬಿ ಆಫೀಸೇ ನಿಂತುಹೋಯಿತಂತೆ. ಹೊಸದಾಗಿ ಸೇರಿದ ಹುಡುಗಿ ಫೈಲು ಅಳಿಸಿ ಸರಿಮಾಡಿದಳಂತೆ. ಏನು ಘನಕಾರ್ಯ! ಮರಳಿ ಬಂದರೆ ಅವಳ ಮೇಜಿನ ಮೇಲೆ ಹೂಗುಚ್ಛ.

"ನೋಡಿ ಕಲೀರಿ. ಇಷ್ಟು ವರ್ಷದಲ್ಲಿ ನೀವು ಒಂದ್ಸಲಾನಾದ್ರೂ ಡಿಸ್ಕ್ ಕ್ಲೀನ್ ಮಾಡಿದ್ದೀರಾ?" ಎಂದರು ಮ್ಯಾನೇಜರ್.

ಸಾಕ್ಷಿ ತೋರಿಸಿ ಇಬ್ಬರ ಬಾಯಿಯನ್ನೂ ಮುಚ್ಚಿಸೋಣವೆಂದು ನನ್ನ ಲಾಗ್ ಹುಡುಕಿದೆ. ಇರಲಿಲ್ಲ. ಹುಡುಗಿಯನ್ನೇ ಕೇಳಿದೆ.

"ಅದಾ ಅಕ್ಕಾ? ಎಲ್ಲಕ್ಕಿಂತ ಹಳೇದು ಅದೇ ಇತ್ತು. ಮೊದಲು ಅದನ್ನೇ ತೆಗೆದುಬಿಟ್ಟೆ" ಎಂದಳು ಹುಡುಗಿ, ಗುಚ್ಛದಿಂದ ಒಂದು ಹೂವು ನನಗೂ ಕೊಡುತ್ತಾ.