ಕಂದು ಗಾಜಿನ ಬಾಟಲಿ

ಬಾಟಲಿಯ ಬಾಯೊಳಗೆ ಡಾಕ್ಟರಮ್ಮನ ನಾಲ್ಕು ಬೆರಳು ಸಲೀಸಾಗಿ ಇಳಿದವು, ಉಂಗುರವಿದ್ದ ಬೆರಳೂ ಇಳಿಯಿತು, ಇಷ್ಟು ಅಗಲ ಇರ್ಬೇಕು ನೋಡು ನಶ್ವಾ, ಬ್ರಶ್ಶು ತಳ ಮುಟ್ಬೇಕು, ಒಳಗೆ ಮೂಲೆ ಇರ್ಬಾರ್ದು, ಮೂಲೆ ಇದ್ದಲ್ಲಿ ಜಿಡ್ಡು ಕೂರುತ್ತೆ — ನಶ್ವಾ ತಲೆಯಾಡಿಸಿದಳು, ಔಷಧಿ ಅಂಗಡಿಯ ಮಾಗ್ದಾ ಡಾಕ್ಟರಮ್ಮ ಮಾತಾಡುವಾಗ ಅವಳಿಗೆ ತಲೆಯಾಡಿಸುವುದಷ್ಟೇ ಗೊತ್ತು, ಗಾಜೋ ಪ್ಲಾಸ್ಟಿಕ್ಕೋ ಎಂದು ಕೇಳಿದ್ದಕ್ಕೂ ತಲೆಯಾಡಿಸಿಬಿಟ್ಟಿದ್ದಳು, ಶನಿವಾರದಿಂದ ಮತ್ತೆ ಹೊಲಿಗೆ ಶೆಡ್ಡು, ಸೋಫಾ ಗವಸುಗಳು, ಎಂಟರಿಂದ ನಾಲ್ಕು, ಅಷ್ಟು ಹೊತ್ತು ಜುಮಾನಾ ಏನು ಕುಡಿಯಬೇಕು, ನಾಲ್ಕು ತಿಂಗಳ ಕೂಸು, ಹಿಂಡಿಟ್ಟು ಹೋಗು ನಾನು ಕುಡಿಸ್ತೀನಿ ಎಂದಿದ್ದಾರೆ ಅತ್ತೆ ವಫಿಯ್ಯಾ, ಬಾಟಲಿ ಮಾತ್ರ ನೀನೇ ನೋಡಿ ತಾ ತಾಯಿ, ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು. ಹಿಂಡುವುದೇನೋ ಕಲಿತಿದ್ದಾಳೆ, ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಟೀ ಲೋಟದೊಳಗೆ, ಮೊದಲ ದಿನ ಲೋಟದ ತಳವೂ ಮುಚ್ಚಲಿಲ್ಲ, ಗಂಡ ಶಿರ್ಬೀನಿ ಹೊರಗಿನಿಂದ ಏನಾದ್ರೂ ಬೇಕೇನೇ ಎಂದು ಕೇಳಿದ್ದ, ಕುರ್ಚಿ ಕೆತ್ತುವ ಕೈಯ ಅವನು, ಕೂದಲಲ್ಲೆಲ್ಲ ಮರದ ಹೊಟ್ಟು, ಬೇಡ ಹೋಗ್ರಿ ಎಂದಿದ್ದಳು, ಅವನು ಹೋಗದೆ ಬಾಗಿಲಿಗೆ ಒರಗಿ ಕೂತಿದ್ದ, ಅವನ ಬೆನ್ನಿಗೆ ಬಾಗಿಲು ಸಣ್ಣಗೆ ಕಿರುಗುಟ್ಟಿದ್ದು ಕೇಳಿಸಿದ ಮೇಲೆಯೇ ಹಾಲು ಇಳಿದಿತ್ತು. ಕೆಳಮನೆಯ ಕೂಸನ್ನು ಅವಳು ನೋಡಿದ್ದಾಳೆ, ಕತ್ತು ಸಪೂರದ ಬಾಟಲಿ, ಒಳಗೆ ಹಳದಿ ಪೊರೆ, ಎಷ್ಟು ಕುಲುಕಿದರೂ ಬಿಡದು, ಹತ್ತು ದಿನ ಭೇದಿ, ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದಲ್ಲೇ ನಿಲ್ಲುತ್ತಿತ್ತು, ಅದಕ್ಕೇ ಹೆದರಿ ಇಷ್ಟು ದೂರ ಬಂದಿದ್ದಾಳೆ, ಮುಚ್ಚಳ ಬಿಗಿಯಾಗಿರಬೇಕು, ನಿಪ್ಪಲ್ಲು ಬೇರೆ ಕಳಚಬೇಕು, ಗಾಜಾದರೆ ಎಷ್ಟು ಸಲ ಕುದಿಸಿದರೂ ಮಂಕಾಗದು, ಆದರೆ ಅತ್ತೆಯ ಕೈ ನಡುಗುತ್ತದೆ, ಬಿದ್ದರೆ, ಚೂರಾದರೆ —

ಗಾಜೇ ತಗೊಳ್ಳೇ ಹುಡುಗಿ, ಪ್ಲಾಸ್ಟಿಕ್ಕು ಏನು ಕುದಿಸಿದ್ರೂ ಹಳೇ ವಾಸನೆ ಬಿಡಲ್ಲ, ಹೋಟೆಲಿನ ಲೋಟದ ಹಾಗೆ. ಬಿಪಿ ನೋಡುವ ಕುರ್ಚಿಯಲ್ಲಿ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕೂತ ಮುದುಕಿ, ಕಪ್ಪು ಮೇಲುಹೊದಿಕೆ, ಬಾಯಲ್ಲಿ ಎರಡೋ ಮೂರೋ ಹಲ್ಲು, ನಿಮ್ಗೆ ಬಿಪಿ ಏರೋದೇ ಈ ಮಾತಿಂದ ಖಾಲಾ ಬಹಿಯಾ, ಸುಮ್ನೆ ಕೂತ್ಕೊಳ್ಳಿ ಎಂದು ಡಾಕ್ಟರಮ್ಮ ನಕ್ಕಳು, ಇವರು ನಮ್ಮೂರ ತಾಯಿ-ಮಕ್ಕಳ ದವಾಖಾನೆಯಲ್ಲಿ ನರ್ಸಾಗಿದ್ರು ನಶ್ವಾ, ಆಮೇಲೆ ಮಗಳ ಜೊತೆ ಮತ್ರೂಹ್‌ಗೆ ಹೋದೋರು ಇಪ್ಪತ್ತು ವರ್ಷ ಆದ್ಮೇಲೆ ಹೋದ ವಾರ ಬಂದಿದ್ದಾರೆ, ದುಮ್ಯಾತಿನ ಅರ್ಧ ಊರು ಇವರ ಕೈಯಲ್ಲೇ ಹುಟ್ಟಿದ್ದು. ಅರ್ಧ ಅಲ್ಲ ಕಣೇ ಮುಕ್ಕಾಲು, ಎಂದಳು ಬಹಿಯಾ, ಕಣ್ಣು ಕಿರಿದು ಮಾಡಿ ನಶ್ವಾಳನ್ನು ನೋಡಿದಳು, ತಡಿ ತಡಿ, ಆ ಗದ್ದ, ನೀನು ಹಲ್ವಾ ಅಂಗಡಿ ಸಬ್ರಿಯಾ ಮಗಳಲ್ವೇನೇ? ಹೌದು, ಎಂದಳು ನಶ್ವಾ, ಅವ್ವನ ಹೆಸರು ಕೇಳಿ ಮುಖ ಬಿಸಿಯಾಯಿತು, ಅಪರಿಚಿತರು ಗುರುತು ಹಿಡಿದರೆ ಅವಳಿಗೆ ಹಾಗೇ. ಆಹಾ, ನಿಂಗೆ ಬಾಟಲಿ ಪಾಠ ಹೇಳ್ಕೊಡ್ತಾರಂತೆ, ಬಾಟಲಿಯಿಂದಲೇ ಬದುಕಿದೋಳು ನೀನು, ನಿಮ್ಮವ್ವನಿಗೆ ಬಾಣಂತಿ ಜ್ವರ, ಮೈಮೇಲೆ ಎಚ್ಚರ ಇಲ್ಲ, ನೀನು ಹನ್ನೆರಡು ದಿನದ ಕೂಸು, ಹಿಡಿಯಷ್ಟಿದ್ದೆ, ಆಕಳ ಹಾಲು ಕೊಟ್ಟರೆ ಕಕ್ಕಿದೆ, ಪುಡಿ ಹಾಲು ಮುಗಿದಿತ್ತು, ನಾನೇ ತಂದು ಕುಡಿಸಿದ್ದು — ಕೆಮ್ಮಿನ ಔಷಧಿಯ ಕಂದು ಗಾಜಿನ ಬಾಟಲಿ, ಕುದಿಸಿ ಕುದಿಸಿ ಚೀಟಿ ಎದ್ದು ಹೋಗಿತ್ತು, ಬಟ್ಟೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಿ ಬರ್ತಿದ್ದೆ, ಬಿಸಿ ಆರಬಾರ್ದು ಅಂತ. ಯಾರ ಹಾಲು ಖಾಲಾ ಎಂದು ಕೇಳಿದ್ದು ನಶ್ವಾ ಅಲ್ಲ, ಡಾಕ್ಟರಮ್ಮ, ಪಟ್ಟಿಗೆ ಗಾಳಿ ತುಂಬುತ್ತ. ಅದೇ ತಮಾಷೆ, ಎಂದಳು ಬಹಿಯಾ, ಸೇತುವೆ ತಿರುವಿನಲ್ಲಿ ಕುರ್ಚಿ ಮಾಡೋರ ಮನೆ ಇಲ್ವಾ, ಅವರ ಸೊಸೆ ವಫಿಯ್ಯಾ, ಚೊಚ್ಚಲು ಗಂಡು ಹೆತ್ತಿದ್ದಳು, ಎದೆ ಕಲ್ಲಾಗಿ ಅಳ್ತಾ ದವಾಖಾನೆಗೆ ಬಂದಳು, ಎರಡು ದಿನ ಅಲ್ಲೇ ಇಟ್ಕೊಂಡು ನಾನೇ ಹಿಂಡಿಸಿದೆ, ನೆಲಕ್ಕೆ ಚೆಲ್ಲಬೇಡಿ ಅಮ್ಮ, ಇರುವೆ ಮುಟ್ಟಿದರೆ ಬತ್ತಿ ಹೋಗುತ್ತೆ, ಹರಿಯೋ ನೀರಿಗೇ ಬಿಡಿ ಅಂದಳು, ಆಯ್ತು ತಾಯಿ ಕಾಲುವೆಗೆ ಬಿಡ್ತೀನಿ ಅಂದೆ, ಕಾಲುವೆಗೆ ಯಾಕೆ ಬಿಡ್ಲಿ, ಮೂರು ಓಣಿ ಆಚೆ ಕೂಸು ಸಾಯ್ತಿದೆ! ನಿಮ್ಮಜ್ಜಿಗೆ ಸರ್ಕಾರದ ಪುಡಿ ಹಾಲು ಅಂದೆ, ನಿಜ ಹೇಳಿದ್ರೆ ಯಾರದು ಏನು ಎತ್ತ ಅಂತ ಬಾಗಿಲಲ್ಲೇ ನಿಲ್ಲಿಸ್ತಿದ್ದಳು, ದೇವರು ಕ್ಷಮಿಸ್ತಾನೆ.

ವಫಿಯ್ಯಾ. ಸೇತುವೆ ತಿರುವು. ಕುರ್ಚಿ ಮಾಡುವವರ ಮನೆಯಲ್ಲಿ ಎಷ್ಟು ವಫಿಯ್ಯಾ ಇದ್ದಾರು, ಒಬ್ಬರೇ, ಈ ಹೊತ್ತಿನಲ್ಲಿ ಜುಮಾನಾಳನ್ನು ಮಡಿಲಲ್ಲಿ ತಟ್ಟುತ್ತಿರುವವರು, ಚೊಚ್ಚಲು ಗಂಡು ಎಂದರೆ — ಬಾಗಿಲಿಗೆ ಒರಗಿ ಕೂತವನು, ಬೆಳಿಗ್ಗೆ ಕತ್ತಿನ ಹಿಂದೆ ಮೂಗು ಒತ್ತಿ ಹೋದವನು — ಅಲ್ಲ, ಮುದುಕಿಗೆ ಮರೆವು, ಬೇರೆ ಯಾರದೋ ಮಗಳು, ಬೇರೆ ಗದ್ದ, ಆದರೆ ಬಾಣಂತಿ ಜ್ವರ ನಿಜ, ಹನ್ನೆರಡನೇ ದಿನ ನಿಜ, ಅವ್ವ ಎಷ್ಟು ಸಲ ಹೇಳಿಲ್ಲ, ಸರ್ಕಾರದ ಪುಡಿ ಹಾಲು ನಿನ್ನ ಉಳಿಸಿತು ಕಣೇ. ಮದುವೆ ಬರೆಯುವ ಮಾಜೂನ್ ದಪ್ಪ ಪುಸ್ತಕ ತೆರೆದು ಕೇಳಿದ್ದರು, ರಕ್ತದ ನಂಟು, ಹಾಲಿನ ನಂಟು, ಒಂದೇ ತಾಯಿಯ ಹಾಲು ಕುಡಿದದ್ದು, ಏನಾದ್ರೂ ಅಡ್ಡಿ ಉಂಟಾ, ಇಬ್ಬರು ತಾಯಂದಿರೂ ಒಟ್ಟಿಗೆ ಇಲ್ಲ ಎಂದರು, ನಮ್ಮ ಹೊಸ್ತಿಲನ್ನೇ ಇವರು ತುಳಿದಿರ್ಲಿಲ್ಲ ಇನ್ನು ಹಾಲೆಲ್ಲಿ ಬಂತು ಎಂದು ಅತ್ತೆ ನಕ್ಕರು, ಸುಳ್ಳಲ್ಲ, ಇಬ್ಬರೂ ಸುಳ್ಳಾಡಲಿಲ್ಲ, ಕಂದು ಬಾಟಲಿಯೊಂದು ಕಂಕುಳಲ್ಲಿ ಕೂತು ಮೂರು ಓಣಿ ದಾಟಿದ್ದು ಇಬ್ಬರಿಗೂ ತಿಳಿಯದು. ವಾರ್ನಿಷ್ ಓಣಿಯ ಝಕಿಯ್ಯಾ, ಮೂರು ವರ್ಷದ ಸಂಸಾರ, ಒಂದು ಮಗು, ಯಾವಳೋ ಸೋದರತ್ತೆ ಬಂದು ನಾನು ಇಬ್ಬರಿಗೂ ಮೊಲೆ ಕೊಟ್ಟಿದ್ದೆ ಅಂದಳು, ಅದೇ ಮಧ್ಯಾಹ್ನ ಮಂಚ ಕೆಳಗಿಳಿಸಿದರು, ಹೂವು ಕೆತ್ತಿದ ತಲೆಹಲಗೆ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು, ಗಂಡ ಅತ್ತ, ಅವಳು ಅಳಲಿಲ್ಲ, ಮಗುವಿಗೆ ದೋಷವಿಲ್ಲ, ಅದು ಇಬ್ಬರದೂ ಮಗುವೇ, ಆದರೆ ಇವರಿಬ್ಬರೂ ಆ ಕ್ಷಣದಿಂದ ಅಣ್ಣ ತಂಗಿ ಎಂದರು ಮಸೀದಿಯ ಶೇಖ್, ಅಣ್ಣ ತಂಗಿ, ಅಣ್ಣ. ಐದು ಸಲ, ಎಂದಿದ್ದರಲ್ಲ ಅವತ್ತು ಶೇಖ್, ಹೆಂಗಸರೆಲ್ಲ ಮಸೀದಿಯ ಪರದೆಯ ಹಿಂದೆ ಕೂತು ಕೇಳಿದ್ದರು, ಐದು ಸಲ ಕುಡಿದರೆ ನಂಟು, ಮೊಲೆಯಾದ್ರೂ ಸರಿ ಲೋಟವಾದ್ರೂ ಸರಿ, ನಾಲ್ಕಾದರೆ ಇಲ್ಲ. ನಾಲ್ಕಾದರೆ ಇಲ್ಲ. ಒಂದೇ ಸಲ ಇರಬಹುದು, ಎರಡಿರಬಹುದು, ಕೇಳಬೇಕು, ಹೇಗೆ ಕೇಳುವುದು, ಕೇಳಿದರೆ ಮುದುಕಿ ಯಾಕೆ ಅನ್ನುತ್ತಾಳೆ, ಡಾಕ್ಟರಮ್ಮನಿಗೆ ತನ್ನ ಗಂಡ ಯಾರೆಂದು ಗೊತ್ತಿದೆಯೇ, ಇಲ್ಲ, ಇದು ತವರಿನ ಕಡೆಯ ಅಂಗಡಿ, ಶಿರ್ಬೀನಿ ಇಲ್ಲಿಗೆ ಬಂದವನಲ್ಲ — ಎದೆ ಜುಮ್ಮೆಂದಿತು, ಹಾಲು, ಕರೆಯದೆ ಬಂತು, ಒಳಗಿನ ಬಟ್ಟೆ ಬಿಸಿಯಾಗಿ ನೆನೆಯಿತು, ಅವಳು ಕೈಚೀಲವನ್ನು ಎದೆಗೆ ಅವುಚಿಕೊಂಡಳು. ಖಾಲಾ, ಎಂದಳು, ತನ್ನ ದನಿ ತನಗೇ ಬೇರೆಯವರದೆನಿಸಿತು, ಆ ಗಾಜಿನ ಬಾಟಲಿ, ಎಷ್ಟು ಸಲ ಕುದಿಸಿದ್ರಿ, ಒಡೀಲಿಲ್ವಾ?

ಬುದ್ಧಿವಂತೆ, ಹೀಗೆ ಕೇಳ್ಬೇಕು, ಎಂದು ಬಹಿಯಾ ಹಿಗ್ಗಿದಳು, ಕುಡಿಸೋಕೆ ಮುಂಚೆ ಒಂದೊಂದು ಸಲವೂ ಕುದಿಸಿದ್ದೀನಿ, ಇಪ್ಪತ್ತು ನಿಮಿಷ, ಗಡಿಯಾರ ನೋಡಿ, ಈಗಿನೋರ ಹಾಗೆ ಬಿಸಿನೀರಲ್ಲಿ ಅದ್ದಿ ತೆಗೆಯೋದಲ್ಲ, ಮೊದಲ್ನೇದು ಸಂಜೆ ನಮಾಜಿನ ಹೊತ್ತು, ನೀನು ಕುಡಿದು ಅಲ್ಲೇ ನಿದ್ದೆ, ಎರಡನೇದು ಬೆಳಕು ಹರಿಯೋ ಮುಂಚೆ — ಮುದುಕಿಯ ಕೈ ಮೇಲೆದ್ದಿತು, ಪಟ್ಟಿ ಸುತ್ತಿರದ ಕೈ, ಬೆರಳು ಮಡಚಿದಳು, ಅಲ್ಲಿಗೆ ನಿಲ್ಲಲಿ, ದೇವರೇ, ಎರಡಕ್ಕೆ ನಿಲ್ಲಲಿ — ಮೂರನೇದು ಮಧ್ಯಾಹ್ನ, ಸ್ಟೌವಿನಲ್ಲಿ ಎಣ್ಣೆ ಮುಗಿದು ಪಕ್ಕದ ಮನೆಗೆ ಓಡಿದೆ, ನಾಲ್ಕನೇದು ಮತ್ತೆ ಸಂಜೆ, ಅಷ್ಟೊತ್ತಿಗೆ ನಿಮ್ಮವ್ವ ಕಣ್ಣು ಬಿಟ್ಟಳು — ನಾಲ್ಕು, ಅವ್ವ ಕಣ್ಣು ಬಿಟ್ಟಳು, ನಾಲ್ಕಕ್ಕೆ ಕಣ್ಣು ಬಿಟ್ಟಳು ಅವ್ವ, ನಶ್ವಾ ಗಾಜಿನ ಕಪಾಟಿಗೆ ಹೊಟ್ಟೆ ಆನಿಸಿ ನಿಂತಳು, ಗಾಜೇ ಇರಲಿ ಡಾಕ್ಟರಮ್ಮ, ನಾಲ್ಕು ಕೊಡಿ, ಎನ್ನಲು ಬಾಯಿ ತೆರೆದಳು — ಆದ್ರೂ ಮಾರನೇ ಬೆಳಿಗ್ಗೆ ಇನ್ನೊಂದು ಸಲ ಕುದಿಸಿದೆ, ಎಂದಳು ಬಹಿಯಾ, ಅವ್ವನಿಗೆ ಹಾಲು ಇಳಿದಿರ್ಲಿಲ್ಲ ಇನ್ನೂ, ಅದನ್ನ ಮಾತ್ರ ನೀನು ಪೂರ್ತಿ ಕುಡೀಲಿಲ್ಲ ಕಣೇ, ಅರ್ಧಕ್ಕೇ ಸಾಕಾಯ್ತು, ತಾನಾಗೇ ಬಾಯಿ ಬಿಟ್ಟು ಆ ಕಡೆ ತಿರುಗಿದೆ, ಸೊಕ್ಕಿನ ಕೂಸು! ಉಳಿದ ಅರ್ಧ ನಿಜವಾಗ್ಲೂ ಕಾಲುವೆಗೇ ಬಿಟ್ಟೆ, ವಫಿಯ್ಯಾಗೆ ಕೊಟ್ಟ ಮಾತು ಅಷ್ಟಾದ್ರೂ ಉಳೀಲಿ ಅಂತ. ಡಾಕ್ಟರಮ್ಮ ನಕ್ಕಳು, ಮುದುಕಿಯೂ ನಕ್ಕಳು. ಅರ್ಧ. ಅರ್ಧ ಎಂದರೆ ನಾಲ್ಕೂವರೆ, ನಾಲ್ಕೂವರೆ ಐದಲ್ಲ — ಪರದೆಯ ಹಿಂದೆ ಯಾರೋ ಕೇಳಿದ್ದರು, ಸ್ವಲ್ಪವೇ ಕುಡಿದರೆ, ಶೇಖ್ ಅವರ ದನಿ ಬೇಸರವಿಲ್ಲದೆ ಹೇಳಿತ್ತು, ಎಷ್ಟು ಕುಡಿಯಿತು ಅನ್ನೋದಲ್ಲ ತಾಯಂದಿರೇ, ಯಾರೂ ಬಿಡಿಸದೆ ಕೂಸು ತಾನಾಗಿ ಬಾಯಿ ಬಿಟ್ಟರೆ ಅದು ಒಂದು ಸಲ. ತಾನಾಗಿ. ಹದಿನಾಲ್ಕು ದಿನದ ಕೂಸು, ಯಾರು ಹೇಳಿದ್ದರು ತಿರುಗು ಎಂದು, ಇನ್ನೊಂದು ಗುಟುಕು, ಅಜ್ಜಿ ಎಳೆದುಕೊಂಡಿದ್ದರೆ, ನೊಣ ಕೂತಿದ್ದರೆ, ಯಾರಾದರೂ ಬಾಗಿಲು ಬಡಿದಿದ್ದರೆ, ಇಲ್ಲ, ತಾನಾಗಿ, ಹೊಟ್ಟೆ ತುಂಬಿ, ಬಾಯಂಚಿನಲ್ಲಿ ಅತ್ತೆಯ ಹಾಲು, ಮನೆಯಲ್ಲಿ ಅವನು ಈಗ ಕೈ ತೊಳೆದು ಜುಮಾನಾಳನ್ನು ಎತ್ತಿಕೊಂಡಿರುತ್ತಾನೆ, ಅವ್ವ ಎಲ್ಲೇ, ಅವ್ವ ಬಾಟಲಿ ತರೋಕೆ ಹೋದ್ಳಾ. ಗಾಜೋ ಪ್ಲಾಸ್ಟಿಕ್ಕೋ ಹೇಳಮ್ಮ, ಎಂದಳು ಡಾಕ್ಟರಮ್ಮ. ಯಾಕೇ ಬಿಳಿಚ್ಕೊಂಡೆ, ಎಂದಳು ಬಹಿಯಾ, ಕುರ್ಚಿಯಿಂದ ಎದ್ದು ಹತ್ತಿರ ಬಂದಳು, ಮಡಚಿದ ಬೆರಳುಗಳ ಕೈಯಿಂದಲೇ ಅವಳ ಗದ್ದ ಹಿಡಿದೆತ್ತಿದಳು, ಅಂದ ಹಾಗೆ ಕೇಳೋದೇ ಮರ್ತೆ ನೋಡು, ಯಾರ ಮನೆ ಸೊಸೆಯಾದೆ ಕಣೇ, ಗಂಡ ಯಾರು? — ಯಾರು, ಕಂದು ಗಾಜು, ಒಳಗೆ ಅರ್ಧ ಹಾಲು, ಓಲಾಡಿ ನಿಂತ ಹಾಲು, ಆ ಕಡೆ ತಿರುಗಿದ ಪುಟ್ಟ ಬಾಯಿ, ಕಂದು ಗಾಜು, ಅರ್ಧ ಹಾಲು, ಕಂದು ಗಾಜು, ಅರ್ಧ —