ಇಬ್ಬರ ತೆಪ್ಪ

ಗುಡ್ಡಮ್ಮನೂ ಅವಳ ಗಂಡ ಕರಿಯಣ್ಣನೂ ಮದುವೆಯಾದಾಗಿನಿಂದ ಜೊತೆಯಾಗಿ ಒಂದೂರಿಗೆ ಹೋದವರಲ್ಲ. ಜಗಳವೇನಿರಲಿಲ್ಲ, ಕುರಿ ಇದ್ದವು. ಕುರಿ ಸಾಕಿದ ಮನೆಯಲ್ಲಿ ಹಟ್ಟಿ ಕಾಯಲು ಒಬ್ಬರು ಉಳಿಯಲೇಬೇಕು. ಇವಳ ತವರಿನ ಮದುವೆಗೆ ಇವಳು, ಅವನ ಅಕ್ಕನ ಮನೆಯ ಕಾರ್ಯಕ್ಕೆ ಅವನು. ಇವಳು ಬಸ್ಸಿಳಿದ ಮೇಲೇ ಅವನು ಬಸ್ಸು ಹತ್ತುವುದು. ಹಾಗಾದರೆ ಮಗ ಹೇಗೆ ಹುಟ್ಟಿದ ಎಂದು ಕುಹಕ ಮಾಡಿದವರಿಗೆ ಗುಡ್ಡಮ್ಮ ಪೊರಕೆ ತೋರಿಸಿದ್ದೂ ಉಂಟು.

ಆ ಮಗ ಯತೀಶನೇ ಈ ಸಲ ಹಟ ಹಿಡಿದ. "ಎರಡು ದಿನ ಕುರಿ ನಾ ನೋಡ್ಕಂತೀನಿ. ನೀವಿಬ್ರೂ ಸಮುದ್ರ ನೋಡ್ಕಂಡು ಬರ್ರಿ."

"ಸಮುದ್ರ ನೋಡಿ ಏನು ಮಾಡೋದೈತಿ? ಕುರಿಗೆ ಕುಡಸಾಕೂ ಬರಲ್ಲ ಆ ನೀರು" ಎಂದ ಕರಿಯಣ್ಣ. ಈ ಮನುಷ್ಯನಿಗೆ ಕುರಿ ಬಿಟ್ಟು ಬೇರೆ ಮಾತಿಲ್ಲ. ಹೆರಿಗೆಗೆ ಹೋದ ಗುಡ್ಡಮ್ಮ ಕೂಸನ್ನೆತ್ತಿಕೊಂಡು ತವರಿನಿಂದ ಬಂದಾಗಲೂ ಅವನ ಬಾಯಿಂದ ಮೊದಲು ಬಂದದ್ದು ಯಾವುದೋ ಮರಿಯ ಕುಂಟುಗಾಲಿನ ಸುದ್ದಿ.

ಸೊಸೆ ಪವಿತ್ರ ಮಾವನ ಗೊಣಗಾಟಕ್ಕೆ ಕಿವಿಗೊಡದೆ ಮೊಬೈಲು ಹಿಡಿದು ಅತ್ತೆಯ ಪಕ್ಕ ಕೂತಳು. "ಹೊನ್ನಾವರದಾಚೆ ಎರಡು ಥರ ಇದೆ ಅತ್ತೆ. ಒಂದು ದೊಡ್ಡ ಬೋಟು. ಕುರ್ಚಿ ಇದೆ, ಮೇಲೆ ಚಾವಣಿ ಇದೆ. ಇನ್ನೊಂದು ಸಣ್ಣ ತೆಪ್ಪ. ಬಂಡೆ ಸಂದೀಲೆಲ್ಲ ಹೋಗ್ತದಂತೆ. ಇಬ್ರಿಗೊಂದು ತೆಪ್ಪ, ಜೊತೆಗೆ ಹುಟ್ಟು ಹಾಕೋನು."

"ತೆಪ್ಪನೇ ಇರ್ಲಿ" ಅಂದುಬಿಟ್ಟಳು ಗುಡ್ಡಮ್ಮ.

"ಅದು ಸಾಹಸದ್ದಂತೆ ಅತ್ತೆ."

"ದೇವರ ಕೆಲಸ ಅಂದ್ಮೇಲೆ ಸಾಹಸ ಇದ್ದೇ ಇರ್ತೈತಿ ಬಿಡು."

ದೇವರು ಇಲ್ಲೆಲ್ಲಿಂದ ಬಂದನೆಂದು ಪವಿತ್ರಳಿಗೆ ಹೊಳೆಯಲಿಲ್ಲ. ಈಸೂರು ಕಡೆಯ ಗುಡ್ಡಮ್ಮನ ಊರಿನಲ್ಲಿ ತೆಪ್ಪ ಎಂದರೆ ಒಂದೇ ತೆಪ್ಪ. ವರ್ಷಕ್ಕೊಂದು ಸಂಜೆ ಕೆರೆಯಲ್ಲಿ ಡ್ರಮ್ಮಿನ ಮೇಲೆ ಹಲಗೆ ಹಾಸಿ, ಬಾಳೆಕಂದು ಕಟ್ಟಿ, ಸ್ವಾಮಿಯನ್ನೂ ಅಮ್ಮನನ್ನೂ ಪಕ್ಕಪಕ್ಕ ಕೂರಿಸಿ ನಿಧಾನವಾಗಿ ಮೂರು ಸುತ್ತು ತಿರುಗಿಸುತ್ತಾರೆ. ದಂಡೆಯ ಮೇಲೆ ಜನ ಗಂಡ, ಹೆಂಡತಿ, ಮಕ್ಕಳೆಂದು ಗುಂಪುಗುಂಪಾಗಿ ನಿಂತಿರುತ್ತಾರೆ. ಕರಿಯಣ್ಣ ಹಟ್ಟಿಯಲ್ಲಿ, ಗುಡ್ಡಮ್ಮ ಒಬ್ಬಳೇ. ಅಮ್ಮ ಎಷ್ಟು ನೆಮ್ಮದಿಯಾಗಿ ಗಂಡನ ಪಕ್ಕ ಕೂತಿದ್ದಾಳೆ ನೋಡು ಎಂದು ಪ್ರತಿ ವರ್ಷ ಅವಳಿಗೆ ಅನ್ನಿಸುತ್ತಿತ್ತು. ದೇವರ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ ಎಂದು ಕೆನ್ನೆ ಬಡಿದುಕೊಂಡು ಮನೆಗೆ ಬರುತ್ತಿದ್ದಳು. ತನಗೂ ಒಂದೇ ಒಂದು ಸಲ ಹಾಗೆ ಪಕ್ಕದಲ್ಲಿ ಕೂತು ಹೋಗುವ ಭಾಗ್ಯ ಬರಲಿ ಎಂಬ ಆಸೆ ಮಾತ್ರ ಹೋಗಿರಲಿಲ್ಲ. ಈಗ ಮೊಬೈಲಿನೊಳಗಿಂದ ಆ ಭಾಗ್ಯ ಇಬ್ರಿಗೊಂದರಂತೆ ಕರೆಯುತ್ತಿತ್ತು.

ಪವಿತ್ರಳೂ ಜೊತೆಗೆ ಹೊರಟಳು. ಸೊರಬದವರೆಗೆ ಬಸ್ಸಿನಲ್ಲಿ ಹೆಂಗಸರು ಮುಂದೆ, ಕರಿಯಣ್ಣ ಹಿಂದೆ. ಅಲ್ಲಿ ಪವಿತ್ರಳ ತಮ್ಮ ರಾಜು ಓಮ್ನಿ ತಂದು ನಿಂತಿದ್ದ. ಉಳವಿ ಕಡೆಯ ಹುಡುಗ, ನಗುಮುಖದವನು. ರೇಷ್ಮೆ ಸೀರೆಯುಟ್ಟು, ತಲೆತುಂಬ ಸೇವಂತಿಗೆ ಮುಡಿದು, ಕೈಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ ಹಿಡಿದು ಬಂದ ಗುಡ್ಡಮ್ಮನನ್ನು ನೋಡಿ, "ಅತ್ತೆ, ಹೋಗ್ತಿರೋದು ಸಮುದ್ರಕ್ಕೋ ಮದುವೆಗೋ?" ಎಂದ. "ನೀ ಸುಮ್ನೆ ಗಾಡಿ ಹೊಡಿಯಪ್ಪ" ಎಂದಳು ಗುಡ್ಡಮ್ಮ, ಒಳಗೊಳಗೇ ಬೀಗುತ್ತ.

ಸಮುದ್ರ ಅಷ್ಟು ದೊಡ್ಡದಿರುತ್ತದೆಂದು ಯಾರೂ ಅವರಿಗೆ ಸರಿಯಾಗಿ ಹೇಳಿರಲಿಲ್ಲ. ದಂಡೆಯುದ್ದಕ್ಕೂ ಕರಿಬಂಡೆ, ಬಂಡೆಗೆ ಬಡಿದು ಆಳೆತ್ತರ ಹಾರುವ ನೀರು. ಕರಿಯಣ್ಣ ಮೆಲ್ಲಗೆ ಹೆಂಡತಿಯ ಹಿಂದೆ ಸರಿದು ನಿಂತ. ಊರ ಪಕ್ಕದ ಹುಲ್ಲೆಗೆರೆ ಹಳ್ಳಕ್ಕೆ ಮೊಣಕಾಲು ನೀರು ಬಂದರೂ ಸುತ್ತುಬಳಸಿ ಹೋಗುವ ಆಸಾಮಿ ಅವನು.

"ತೆಪ್ಪ ಎಲ್ಲೈತಿ?" ಎಂದು ಗುಡ್ಡಮ್ಮ ಹುಟ್ಟು ಹಾಕುವವನನ್ನು ಕೇಳಿದಳು.

"ಇದೇ ಅಲ್ದಾ ಅಜ್ಜಿ" ಎಂದು ಆತ ಗಾಳಿ ತುಂಬಿದ ಕಿತ್ತಳೆ ಬಣ್ಣದ ರಬ್ಬರನ್ನು ಕಾಲಲ್ಲಿ ಒತ್ತಿ ತೋರಿಸಿದ. ಬಾಳೆಕಂದಿಲ್ಲ, ಹಲಗೆಯಿಲ್ಲ, ಲಾರಿಯ ಟ್ಯೂಬಿನಂಥದ್ದು! "ಅಜ್ಜ ಆ ಬದಿ, ನೀವು ಈ ಬದಿ. ಇಬ್ರೂ ಒಂದೇ ಅಂಚಿಗೆ ಕೂತ್ರೆ ಮಗುಚ್ತದೆ."

"ಇಲ್ಲೂ ಆ ಬದಿ ಈ ಬದಿನಾ!" ಗುಡ್ಡಮ್ಮ ರೇಷ್ಮೆ ಸೀರೆಯನ್ನೂ ಲೆಕ್ಕಿಸದೆ ಮರಳಿನ ಮೇಲೆ ಕುಸಿದು ಕೂತಳು.

ಕರಿಯಣ್ಣನಿಗೆ ಅಷ್ಟೇ ಸಾಕಾಯಿತು. "ಇದು ನಮಗಲ್ಲ ನಡಿಯೇ. ದೊಡ್ಡ ಬೋಟೈತಲ್ಲ, ಕುರ್ಚಿಯಾಗ ಕುಂತು ಹೋಗಾನ." ಅದೇ ಹೊತ್ತಿಗೆ ದೊಡ್ಡ ಬೋಟಿನವನು ಕೂಗಿದ. "ಹೆಂಗಸ್ರು ಮುಂದೆ, ಗಂಡಸ್ರು ಹಿಂದೆ ಬನ್ನಿ!"

ಗುಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಅದೂ ಬಸ್ಸಿದ್ದಂಗೇ ಐತಿ! ನಾ ಮುಂದೆ, ನೀವು ಹಿಂದೆ. ಊರಾಗ ನಾ ಮನೇಲಿ, ನೀವು ಹಟ್ಟೀಲಿ. ಒಂದು ಸಲ, ಒಂದೇ ಒಂದು ಸಲ ನಿಮ್ಮ ಪಕ್ಕ ಕುಂತು ಮೂರು ಸುತ್ತು ಹೋಗ್ಬೇಕಂತ ಬಂದೆನಲ್ರೀ, ನಮ್ಮ ಕೆರೆ ತೆಪ್ಪದಾಗ ಅಮ್ಮ ಹೋಗಲ್ಲೇನು, ಹಂಗ!" ಎಂದು ಗಳಗಳ ಅತ್ತೇಬಿಟ್ಟಳು.

ಪವಿತ್ರ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತೆಂಗಿನಕಾಯಿ, ಕರ್ಪೂರದ ಮರ್ಮ ಅವಳಿಗೆ ಈಗ ತಿಳಿಯಿತು.

ಕರಿಯಣ್ಣ ದೊಡ್ಡ ಬೋಟು ನೋಡಿದ, ರಬ್ಬರು ನೋಡಿದ, ಹೆಂಡತಿಯ ಮುಖ ನೋಡಿದ. ಹೆಗಲ ಕಂಬಳಿ ತೆಗೆದು ರಾಜುವಿನ ಕೈಗೆ ಕೊಟ್ಟ. "ಏಳು."

"ಎಲ್ಲಿಗೆ?"

"ತೆಪ್ಪಕ್ಕ. ಎದುರುಬದುರು ಕುಂತ್ರೆ ಮುಖನಾದ್ರೂ ಕಾಣ್ತೈತಿ. ಬಸ್ಸಿನಾಗ ನಿನ್ನ ತುರುಬು ನೋಡಿದ್ದು ಸಾಕು."

ಲೈಫ್ ಜಾಕೆಟ್ ತೊಟ್ಟು ಅವನೇ ಮೊದಲು ಹತ್ತಿದ. ಹುಟ್ಟಿನವನ ತೋಳನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದದ್ದನ್ನು ದಂಡೆಯಲ್ಲಿದ್ದವರೆಲ್ಲ ಕಂಡರು. ಆದರೂ ಹತ್ತಿದ.

ಗುಡ್ಡಮ್ಮ ಕೈಚೀಲ ಹಿಡಿದುಕೊಂಡೇ ಎದುರಿಗೆ ಕೂತಳು. ತೆಪ್ಪ ದಂಡೆ ಬಿಟ್ಟಿತು. ಬಂಡೆಸಾಲು ದಾಟಿದ್ದೇ ತಡ, ತೆರೆಗಳು ಬೆಳ್ಳಗೆ ಬೆನ್ನೆತ್ತಿಕೊಂಡು ಗುಂಪಾಗಿ ನುಗ್ಗಿ ಬಂದವು. ಕರಿಯಣ್ಣನಿಗೆ ಭಯಕ್ಕೆ ಏನು ತೋಚಬೇಕು? "ಹೇಯ್! ಹೇಯ್! ತಿರುಗ್ರಲೇ! ಹಿಂದಕ್ಕ ನಡೀರಿ!" ಎಂದು ಹೊಲಕ್ಕೆ ನುಗ್ಗಿದ ಕುರಿಗಳನ್ನು ಗದರಿಸುವಂತೆ ಕೈ ಬೀಸಿ ಕೂಗಿದ. ತೆರೆಗಳು ಕೇಳಲಿಲ್ಲ. ಒಂದು ದೊಡ್ಡದು ತೆಪ್ಪವನ್ನು ಎತ್ತಿ ಕುಕ್ಕಿದ ಹೊಡೆತಕ್ಕೆ ಅವನು ಆ ಅಂಚಿನಿಂದ ಜಾರಿದ, ಅವಳು ಈ ಅಂಚಿನಿಂದ ಜಾರಿದಳು. ಇಬ್ಬರೂ ನಡುವಿನ ತಗ್ಗಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ದೊಪ್ಪನೆ ಕೂತರು.

"ಅಡ್ಡಿಲ್ಲ, ಅಡ್ಡಿಲ್ಲ! ಈಗ ತೂಕ ಸರಿ ಆಯ್ತು, ಅಲ್ಲೇ ಕೂತ್ಕಳಿ" ಎಂದ ಹುಟ್ಟಿನವನು.

ಗುಡ್ಡಮ್ಮನಿಗೆ ನಗು ಉಕ್ಕಿತು. ಸೇವಂತಿಗೆ ಅರ್ಧ ಸಮುದ್ರ ಸೇರಿತ್ತು, ಸೀರೆ ಒದ್ದೆ ಮುದ್ದೆ. ಕರಿಯಣ್ಣ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದ. "ಹಿಂಗ ನಗ್ತೀಯೇನೇ ನೀನು? ನಾ ನೋಡೇ ಇರ್ಲಿಲ್ಲ" ಎಂದು ತಾನೂ ನಗತೊಡಗಿದ.

"ಅಣ್ಣಾ, ಆ ಬಂಡೆ ಮೂರು ಸುತ್ತು ಹಾಕ್ತೀರೇನ್ರಿ?" ಎಂದು ಕೇಳಿದಳು ಗುಡ್ಡಮ್ಮ. ಹುಟ್ಟಿನವನಿಗೆ ಯಾಕೆಂದು ತಿಳಿಯದಿದ್ದರೂ ಸುತ್ತು ಹಾಕಿದ. ಮೂರು ಸುತ್ತೂ ಗುಡ್ಡಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಗಂಡನ ಪಕ್ಕ ಕೂತಿದ್ದಳು.

ದಂಡೆಗೆ ಬಂದು ಸೀರೆ ಸೆರಗು ಹಿಂಡಿಕೊಳ್ಳುವಾಗ ಯತೀಶನ ಫೋನು ಬಂತು. ಪವಿತ್ರಳ ಕೈಯಿಂದ ಕರಿಯಣ್ಣನೇ ಮೊಬೈಲು ಕಿತ್ತುಕೊಂಡು ಮಾತಿಗೆ ನಿಂತ. "ಲೇ ಯತೀಶ, ನಿಮ್ಮವ್ವ ಎಷ್ಟು ಚಂದ ನಗ್ತಾಳಲೇ! ತೆಪ್ಪದಾಗ ಹೆಂಗ ಕುಂತಿದ್ಲು ಗೊತ್ತೇನು..." ಅಂತ ಒಂದೇ ಸಮನೆ ಹೇಳುತ್ತಲೇ ಇದ್ದ. ಆ ಕಡೆಯಿಂದ ಯತೀಶ ಕಾದು ಕಾದು ಕೊನೆಗೆ ತಾನೇ ಕೇಳಿದ. "ಅಪ್ಪಾ, ಕುರಿ ಹೆಂಗದಾವ ಅಂತ ಕೇಳಂಗಿಲ್ಲೇನು?"

"ಯಾವ ಕುರಿ?" ಎಂದ ಕರಿಯಣ್ಣ.

ಗುಡ್ಡಮ್ಮ ಚೀಲದಿಂದ ಒದ್ದೆಯಾದ ಬಾಳೆಹಣ್ಣೊಂದನ್ನು ತೆಗೆದು, ಸುಲಿದು, ಅರ್ಧ ಮುರಿದು ಅವನ ಕೈಗಿಟ್ಟಳು.