ಲಾಳಿಯ ಕಣ್ಣಿನ ನೂಲು

ಎಪ್ಪತ್ತೆಂಟರ ಮಳೆಗಾಲ. ಠಾಣೆ ಊರಿನ ಆಸ್ಪತ್ರೆಯಲ್ಲಿ ಮುರುಗೆಪ್ಪನ ಎದೆಯ ಫೋಟೋ ನೋಡಿ ಡಾಕ್ಟರ್ ಪ್ರಫುಲ್ಲಾ, ಟೀಬಿ ಎಂದರು. ಅವನ ಹೆಂಡತಿ ರುದ್ರವ್ವ ಅಳಲಿಲ್ಲ.

“ಬಾಯಾರ, ಆರು ಮಂದಿ ಒಂದ ಖೋಲ್ಯಾಗ ಮಲಗತೀವಿ. ಇವರೊಬ್ಬರಿಗ್ಯಾಕ ಬಂತು?”

ಪ್ರಫುಲ್ಲಾ ಮಂಗಳೂರಿನ ಕಡೆಯವರು. “ಅದರ ಕ್ರಿಮಿ ನಿಮ್ಮಲ್ಲೂ ಇರಬಹುದು, ನನ್ನಲ್ಲೂ ಇರಬಹುದು ಮಾರಾಯ್ತಿ. ಕ್ರಿಮಿ ಇಲ್ಲದೆ ಈ ಕಾಯಿಲೆ ಇಲ್ಲ. ಆದರೆ ಅದೊಂದೇ ಸಾಲುವುದಿಲ್ಲ. ಗಾಳಿಯಿಲ್ಲದ ರೂಮು, ಅರೆಹೊಟ್ಟೆ, ಹತ್ತಿಯ ಧೂಳು, ಎಲ್ಲ ಒಟ್ಟು ಸೇರಬೇಕು. ಸೇರಿದ ದಿವಸ ಬರ್ತದೆ.”

“ಜ್ವಾಳ ಬಿತ್ತಿದಂಗ ಅನ್ರಿ. ಬೀಜ ಇದ್ರ ಆತೇನು, ಹಸೀನೂ ಬೇಕು.”

“ಅದೇ. ಒಂದನ್ನು ತಪ್ಪಿಸಿದರೂ ಮೊಳಕೆ ಬರಲಿಕ್ಕಿಲ್ಲ.”

ಆ ಮಾತನ್ನು ರುದ್ರವ್ವ ಸೆರಗಿನಲ್ಲಿ ಕಟ್ಟಿಕೊಂಡವಳ ಹಾಗೆ ಮಗ್ಗಗಳ ಊರಾದ ಭಿವಂಡಿಗೆ ತಂದಳು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಮೈದುನ ಶಿವಪುತ್ರಪ್ಪ ಸೋಮವಾರದಿಂದ ಅಣ್ಣನ ಮಗ್ಗಕ್ಕೆ ನಿಲ್ಲುವವನಿದ್ದ. ಅದೇ ಖೋಲಿ, ಅದೇ ತೆಳ್ಳನೆಯ ಬೇಳೆ ಅವನಿಗೂ ಇದ್ದವು. ಇಲ್ಲದ್ದು ಲಾಳಿಯೊಂದೇ. ಆ ಕಾರಖಾನೆಯಲ್ಲಿ ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆ ಖಾಲಿಯಾದಾಗ, ಲಾಳಿಯ ಕಣ್ಣಿಗೆ, ಎಂದರೆ ನೂಲು ಹೊರಬರುವ ತೂತಿಗೆ, ಬಾಯಿ ಹಚ್ಚಿ ಹೊಸ ನೂಲನ್ನು ಉಸಿರಿನಿಂದಲೇ ಹೀರಿ ಎಳೆಯುತ್ತಿದ್ದರು. ಒಂದು ಪಾಳಿಯವನು ಹೋಗಿ ಇನ್ನೊಬ್ಬ ಬಂದರೂ ಲಾಳಿ ಅದೇ, ಎಂಜಲು ಅದೇ.

ಖೋಲಿ ಬದಲಿಸುವುದು ಅವಳ ಕೈಯಲ್ಲಿರಲಿಲ್ಲ. ಮುರಿದ ಕೊಡೆಯ ಕಡ್ಡಿಯನ್ನು ಸೈಕಲ್ ಅಂಗಡಿಯಲ್ಲಿ ಕೊಕ್ಕೆಯಾಗಿ ಬಾಗಿಸಿಕೊಂಡು ತಂದು ಶಿವಪುತ್ರಪ್ಪನಿಗೆ ಕೊಟ್ಟಳು. “ಬಾಯಿ ಹಚ್ಚಬ್ಯಾಡ ತಮ್ಮಾ, ಇದರ್ಲೆ ಎಳಿ.”

ಮೂರನೆಯ ದಿನ ಬುತ್ತಿ ಒಯ್ದಾಗ ಕೆಲಸಗಾರರ ಮೇಲ್ವಿಚಾರಕ, ಮುಕಾದಮ ಗುರುಪಾದಪ್ಪ ತಡೆದ. “ಏನವ್ವಾ, ಕೊಕ್ಕಿ ಹಿಡಕೊಂಡು ಇಷ್ಟ ಸಾವಕಾಶ, ನಿನ್ನ ಮೈದುನ ಬಟ್ಟಿ ನೇಯಾಕತ್ತಾನೋ, ಕೌದಿ ಹೊಲ್ಯಾಕತ್ತಾನೋ?”

“ನಮ್ಮವರು ಬಾಯಿ ಹಚ್ಚೇ ಹಾಸಿಗಿ ಹಿಡದಾರ್ರೀ.”

“ಮೂವತ್ತು ಮಂದಿ ಬಾಯಿ ಹಚ್ತಾರ, ಕೆಮ್ಮಾಂವ ಒಬ್ಬ. ತಪ್ಪು ಲಾಳೀದಾಗಿದ್ರ ಮೂವತ್ತೂ ಮಂದಿ ಕೆಮ್ಮಬೇಕಿತ್ತಲ್ಲ? ಶನಿವಾರದೊಳಗ ಎಲ್ಲಾರ ಸಮ ಬಟ್ಟಿ ಇಳೀಲಿಲ್ಲಂದ್ರ ಮಗ್ಗಕ್ಕ ಬ್ಯಾರೆಯವನ್ನ ನಿಲ್ಲಸ್ತೀನಿ.”

ಅವರ ಖೋಲಿಯಿದ್ದ ಚಾಳಿನ ಮಾಲಕನೂ ಕಿಟಕಿ ಇಡಿಸಲು ಕೇಳಿದಾಗ ಹೀಗೇ ಹೇಳಿದ್ದ: ಖೋಲಿಯಲ್ಲಿ ಉಳಿದ ಐವರು ಚೆನ್ನಾಗಿಯೇ ಇದ್ದಾರಲ್ಲ, ಕಿಟಕಿ ಯಾಕೆ? ಒಬ್ಬೊಬ್ಬರು ಹಾಕಿದ್ದು ಒಂದೊಂದು ಹಿಡಿ ಮಣ್ಣು. ಒಂದು ಹಿಡಿ ಮಣ್ಣಿನಿಂದ ಯಾರೂ ಸಾಯುವುದಿಲ್ಲ; ಎಲ್ಲರದೂ ಕೂಡಿದರೆ ಮನುಷ್ಯ ಹೂತೇ ಹೋಗುತ್ತಾನೆ. ರುದ್ರವ್ವನಿಗೆ ಉತ್ತರ ಗೊತ್ತಿತ್ತು, ಕೇಳುವವರಿರಲಿಲ್ಲ.

ಶನಿವಾರ ಸಂಜೆ ಶಿವಪುತ್ರಪ್ಪ ನಗುತ್ತ ಬಂದ. “ವೈನಿ, ಮಗ್ಗಾ ಉಳೀತು! ನಿಮ್ಮ ಕೊಕ್ಕೀನೂ ದಂಡ ಆಗಿಲ್ರೀ, ಬುತ್ತಿ ಚೀಲಾ ತೂಗಹಾಕಾಕ ಭಾಳ ಚಲೋ ಐತಿ.”

ಅವನ ಕೆಳತುಟಿಗೆ ಹತ್ತಿಯ ಎಳೆಯೊಂದು ಅಂಟಿಕೊಂಡಿತ್ತು. ರುದ್ರವ್ವ ಅದನ್ನೇ ನೋಡಿದಳು. ಆ ಕಾಯಿಲೆಗೆ ಕೂಡಬೇಕಾದವುಗಳಲ್ಲಿ ಇನ್ನು ತಪ್ಪಿಸಲು ಅವಳಿಗೆ ಉಳಿದದ್ದು ಒಂದೇ, ಅವನ ಅರೆಹೊಟ್ಟೆ. ತನ್ನ ಪಾಲಿನ ಎರಡು ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದಳು.

“ನಿಮಗ್ರೀ?”

“ನನಗ ಹಸಿವಿಲ್ಲ. ನೀ ಉಣ್ಣು.”

ಅಂದಿನಿಂದ ಊಟದ ಹೊತ್ತಿಗೆ ಅವಳಿಗೆ ಯಾವ ದಿನವೂ ಹಸಿವಾಗಲಿಲ್ಲ.